ಸೋದರಮಾವನ ಮದುವೆಗೂ ಡಿಎಂಡಿಗೂ ಸಂಬಂಧ ಇಲ್ಲ

ನಮಸ್ಕಾರ ಮೇಡಂ. ಅಕ್ಕನನ್ನು ಸೋದರಮಾವನಿಗೆ ಕೊಟ್ಟಿದ್ದರಿಂದಲೇ ಅವರ 6 ವರ್ಷದ ಮಗನಿಗೆ ಡಿಎಂಡಿ (ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ನಾಯುಗಳು ಸೋಲುತ್ತಾ ಹೋಗೋ ಜೀನ್ ಕಾಯಿಲೆ) ಬಂತಾ, ನಾಳೆ ನಿಮ್ಮ ಮಕ್ಕಳಿಗೂ ಬರುತ್ತಾ ಅಂತ ಸಿಂಧನೂರಿನಿಂದ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ, ಇಲ್ಲ. ದಯವಿಟ್ಟು ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ.

ಡಿಸ್ಟ್ರೋಫಿನ್ ಅನ್ನೋ ಪ್ರೋಟೀನ್ ಸ್ನಾಯುಕೋಶದ ಪೊರೆ ಹರಿಯದಂತೆ ಒಳಗಿನಿಂದ ಹಿಡಿದಿಡುತ್ತದೆ. ಅದು ಇಲ್ಲದಿದ್ದರೆ ಸ್ನಾಯು ಬಿಗಿದಾಗಲೆಲ್ಲ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ. ಹುಡುಗ ನೆಲದಿಂದ ಏಳುವಾಗ ತೊಡೆ ಮೇಲೆ ಕೈಯೂರೋದು ಅದಕ್ಕೇ. ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಅದರಲ್ಲಿ 79 ಎಕ್ಸಾನ್ (ಪ್ರೋಟೀನಿನ ಸೂಚನೆ ಇರೋ ತುಂಡುಗಳು), ಒಟ್ಟು ಸುಮಾರು 22 ಲಕ್ಷ ಡಿಎನ್‌ಎ ಅಕ್ಷರ. ಇಷ್ಟು ಉದ್ದ ಇರೋದರಿಂದ ತಪ್ಪು ನುಸುಳೋದೂ ಜಾಸ್ತಿ. ಗಂಡುಮಕ್ಕಳಿಗೆ ಇರೋದು ಒಂದೇ ಎಕ್ಸ್, ಅದು ಬರೋದು ತಾಯಿಯಿಂದ. ಅಪ್ಪ ಸಂಬಂಧದವರಾದರೂ ಹೊರಗಿನವರಾದರೂ ವ್ಯತ್ಯಾಸ ಇಲ್ಲ. ಹಾಗಂತ ಅಕ್ಕನನ್ನು ಯಾರೂ ದೂರಬೇಡಿ. ಸುಮಾರು ಮೂರರಲ್ಲೊಂದು ಮಗುವಿನಲ್ಲಿ ಈ ತಪ್ಪು ಹೊಸದಾಗಿಯೇ ಆಗಿರುತ್ತದೆ.

ಸಂಬಂಧದ ಮದುವೆಯಲ್ಲಿ ಜಾಸ್ತಿ ಕಾಣೋ ಬೇರೆ ಸ್ನಾಯು ಕಾಯಿಲೆಗಳೂ ಇವೆ, ಸೊಂಟ ಮತ್ತು ಭುಜದ ಸ್ನಾಯು ಸೋಲೋ ಲಿಂಬ್ ಗರ್ಡಲ್ ಅಂತ. ಅದಕ್ಕೇ ಜೀನ್ ರಿಪೋರ್ಟಿನಲ್ಲಿ ಡಿಎಂಡಿ ಅಂತಲೇ ಇದೆಯಾ ನೋಡಿಕೊಳ್ಳಿ.

ಇನ್ನು ನಿಮ್ಮ ವಿಷಯ. ಮಗುವಿನಲ್ಲಿ ಸಿಕ್ಕ ಅದೇ ತಪ್ಪು ಅಕ್ಕನ ರಕ್ತದಲ್ಲಿ ಇದೆಯಾ ಅಂತ ಮೊದಲು ನೋಡಿಸಿ. ಇಲ್ಲ ಅಂದ್ರೆ ನಿಮಗೆ ಚಿಂತೆ ಬೇಡ. ಇದ್ದರೆ ನೀವೂ ಪರೀಕ್ಷೆ ಮಾಡಿಸಿ, ಬಸುರಿಯಾಗೋ ಮುಂಚೆಯೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯು ಕಾಯಿಲೆ ನೋಡೋ ಡಾಕ್ಟರುಗಳಿದ್ದಾರೆ, ಹೋಗುವಾಗ ಮಗುವಿನ ರಿಪೋರ್ಟು ತಪ್ಪದೆ ಒಯ್ಯಿರಿ. ಅಕ್ಕನಲ್ಲಿ ತಪ್ಪು ಸಿಕ್ಕರೆ ಅವರ ಹೃದಯಕ್ಕೂ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ.