ಖಾಲಿ ರಾಡಿನ ತೂಕ

ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರ ಒಂದೆರಡನ್ನು ಬದಲಿಸಿದ್ದೇನೆ. ಹೆಸರು ಬೇಡ, ಮೇಷ್ಟ್ರು ಅಂದರೆ ಸಾಕು.

ಮೈಸೂರಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು, ವಯಸ್ಸು 46. ಆಪ್ತಸಲಹೆಗೆಂದು ಬಂದ ಮೊದಲ ದಿನ ನನ್ನೆದುರು ಕೂತವರೇ, "ಮೇಡಂ, ಎರಡು ತಿಂಗಳಿಂದ ಹೆಂಡ್ತಿಗೆ ಸುಳ್ಳು ಹೇಳ್ತಾ ಇದೀನಿ" ಎಂದರು. ಹೀಗೆ ಶುರುವಾಗುವ ಕತೆಗಳು ಎತ್ತ ಹೋಗುತ್ತವೆ ಅನ್ನುವುದು ಇಷ್ಟು ವರ್ಷದಲ್ಲಿ ನನಗೆ ರೂಢಿಯಾಗಿದೆ. ಈ ಸಲ ನನ್ನ ಊಹೆ ತಲೆಕೆಳಗಾಯಿತು. ಸುಳ್ಳು ಹೇಳುತ್ತಿದ್ದುದು ಜಿಮ್ ವಿಷಯದಲ್ಲಿ.

ಅವರ ತಂದೆಗೆ ಸಕ್ಕರೆ ಕಾಯಿಲೆ ಇತ್ತು. ಇವರ ಎಚ್‌ಬಿಎ1ಸಿ 6.2 ಬಂದಿತ್ತು. ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಅಂದರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಹೊಸಿಲ ಮೇಲೆ ನಿಂತಿದೆ. ಬರೀ ವಾಕಿಂಗ್ ಸಾಲದು, ವಾರಕ್ಕೆರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಿ ಎಂದರು ಡಾಕ್ಟರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಮೇಷ್ಟ್ರು ಮನೆ ಹತ್ತಿರದ ಜಿಮ್ಮಿಗೆ ಒಂದು ವರ್ಷದ ಫೀಸು ಒಟ್ಟಿಗೇ ಕಟ್ಟಿ, ನಾಲ್ಕು ದಿನ ಹೋದರು.

ಐದನೇ ದಿನದಿಂದ ಸಂಜೆ ಬ್ಯಾಗು ಹೆಗಲಿಗೇರಿಸಿ ಹೊರಟು ಕುಕ್ಕರಹಳ್ಳಿ ಕೆರೆಯ ಬೆಂಚಿನ ಮೇಲೆ ಕೂರುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಗಾಡಿಯಲ್ಲಿ ಒಂದು ಪೊಟ್ಟಣ ಚುರುಮುರಿ. ಮನೆ ತಿರುವಿನಲ್ಲಿ ಬಾಟಲಿಯ ನೀರನ್ನು ಕತ್ತಿಗೂ ಬೆನ್ನಿಗೂ ಚಿಮುಕಿಸಿಕೊಂಡು ಒಳಗೆ ಹೋಗುವುದು. ಒಂದು ದಿನ ಬಟ್ಟೆ ನೆನೆಸುತ್ತಿದ್ದ ಹೆಂಡತಿ ಕೇಳಿಯೇ ಬಿಟ್ಟರಂತೆ: "ಜಿಮ್ಮಿಗೆ ಹೋಗೋರ ಬನಿಯನ್ನಲ್ಲಿ ಬೆವರು ವಾಸನೇನೇ ಇಲ್ವಲ್ರೀ, ಈರುಳ್ಳಿ ವಾಸನೆ ಬರುತ್ತೆ!"

ನಾಲ್ಕನೇ ದಿನ ಏನಾಯಿತು ಎಂದು ಕೇಳಿದೆ. ಅದು ಬಾಯಿಗೆ ಬರಲು ಎರಡು ಭೇಟಿ ಬೇಕಾಯಿತು.

ಅವತ್ತು ಅವರು ಬೆಂಚ್ ಪ್ರೆಸ್ ಮಾಡಲು ಮಲಗಿದ್ದರು. ಇಪ್ಪತ್ತು ಕೆಜಿ ಎತ್ತೋಣ ಅಂದುಕೊಂಡು ರಾಡಿನ ಎರಡೂ ಕಡೆಗೆ ಹತ್ತತ್ತು ಕೆಜಿಯ ಪ್ಲೇಟು ಹಾಕಿದರು. ಎರಡು ಸಲ ಮೇಲೆ ಹೋದ ರಾಡು ಮೂರನೇ ಸಲ ಎದೆಯ ಮೇಲೆ ಕೂತುಬಿಟ್ಟಿತು. ಕೂಗೋಣವೆಂದರೆ ಮರ್ಯಾದೆ ಅಡ್ಡ ಬಂತು. ಪಕ್ಕದ ಬೆಂಚಿನ ಹುಡುಗನೊಬ್ಬ ಬಂದು ಅನಾಯಾಸವಾಗಿ ಎತ್ತಿ ಸ್ಟ್ಯಾಂಡಿಗೆ ಇಟ್ಟ. ಇಟ್ಟವನು, "ಸಾರ್! ನೀವಾ? ಖಾಲಿ ರಾಡೇ ಇಪ್ಪತ್ ಕೆಜಿ ಇರುತ್ತೆ ಸಾರ್" ಎಂದ. ಎಂಟು ವರ್ಷದ ಹಿಂದೆ ಇವರ ಕೈಕೆಳಗೆ ಎಸ್ಸೆಸ್ಸೆಲ್ಸಿ ಓದಿದ ಹುಡುಗ.

"ಇಪ್ಪತ್ತು, ಹತ್ತು, ಹತ್ತು. ನಲವತ್ತು" ಎಂದರು ಮೇಷ್ಟ್ರು ನೆಲ ನೋಡುತ್ತ. "ಲೆಕ್ಕದ ಮೇಷ್ಟ್ರಿಗೆ ಕೂಡೋ ಲೆಕ್ಕ ಬರಲಿಲ್ಲ."

ಆಗ ನಾನೊಂದು ತಪ್ಪು ಮಾಡಿದೆ. ಎಲ್ಲರೂ ಹೇಳುವ ಸಮಾಧಾನವನ್ನೇ ಹೇಳಿದೆ: "ಜಿಮ್ಮಲ್ಲಿ ಯಾರೂ ನಿಮ್ಮನ್ನ ನೋಡ್ತಿರಲ್ಲ ಸರ್, ಅವರವರ ಪಾಡು ಅವರಿಗೆ." ಅವರು ತಟ್ಟನೆ ಅಂದರು, "ನೋಡಿದ್ನಲ್ಲ ಮೇಡಂ!" ನಿಜ. ನೋಡಿದ್ದಕ್ಕೇ ತಾನೇ ಆ ಹುಡುಗ ಬಂದು ರಾಡು ಎತ್ತಿದ್ದು. ಯಾರೂ ನೋಡುವುದಿಲ್ಲ ಎಂಬ ಮಾತು ಒಂದೇ ಒಂದು ಕಣ್ಣು ಇತ್ತ ತಿರುಗಿದ ಕೂಡಲೇ ಸುಳ್ಳಾಗುತ್ತದೆ. ಹೇಳಿದವರ ಮೇಲಿನ ನಂಬಿಕೆಯೂ ಜೊತೆಗೇ ಹೋಗುತ್ತದೆ. ಆಮೇಲೆ ಆ ಮಾತನ್ನು ನಾನು ಯಾರಿಗೂ ಹೇಳಿಲ್ಲ.

ಅದರ ಬದಲು ಒಂದು ಪ್ರಯೋಗದ ಕತೆ ಹೇಳಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಮಾಡಿದ್ದು, 2000ದಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಯೊಬ್ಬನಿಗೆ ನಾಚಿಕೆ ಹುಟ್ಟಿಸುವಂಥ ಚಿತ್ರವಿದ್ದ ಟೀಶರ್ಟು ತೊಡಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ನನ್ನ ಅಂಗಿಯ ಚಿತ್ರವನ್ನು ಹೆಚ್ಚುಕಮ್ಮಿ ಅರ್ಧದಷ್ಟು ಜನ ಗುರುತಿಸಿರುತ್ತಾರೆ ಅಂತ ತೊಟ್ಟವರ ಎಣಿಕೆ. ನಿಜಕ್ಕೂ ಗುರುತಿಸಿದವರು ಕಾಲು ಭಾಗಕ್ಕಿಂತ ಕಡಿಮೆ. "ಅಂದ್ರೆ ಸೊನ್ನೆ ಅಲ್ಲ" ಎಂದರು ಮೇಷ್ಟ್ರು. ಅಲ್ಲ, ಸೊನ್ನೆ ಅಲ್ಲ. ಆ ಉತ್ತರ ಅವರಿಗೆ ಹಿಡಿಸಿತು.

"ನಿಮ್ಮ ಜಿಮ್ಮಿನ ಲೆಕ್ಕ ನೀವೇ ತನ್ನಿ" ಎಂದೆ. ಮೂಲೆಯ ಸೈಕಲ್ ತುಳಿಯುತ್ತ ಇಪ್ಪತ್ತು ನಿಮಿಷ, ಯಾರ ಕಣ್ಣು ಎಲ್ಲಿದೆ ಅಂತ ಎಣಿಸುವುದು. ಹೊರಗೆ ನೋಡಲು ಒಂದು ಕೆಲಸ ಸಿಕ್ಕರೆ ಮನಸ್ಸು ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುವುದನ್ನು ಸ್ವಲ್ಪ ಬಿಡುತ್ತದೆ, ಮದ್ದು ಇರುವುದು ಅಲ್ಲಿ. ಮುಂದಿನ ವಾರ ಗ್ರಾಫ್ ಹಾಳೆಯಲ್ಲಿ ನೀಟಾಗಿ ಗೆರೆ ಹೊಡೆದು ತಂದರು. ಕನ್ನಡಿ, ಮೊಬೈಲು, ಮಾತು, ಟೀವಿ, ನಾನು ಅಂತ ಐದು ಕಾಲಂ. "ನಾನು" ಅನ್ನುವುದರ ಕೆಳಗೆ ಒಂದೂವರೆ. ಅರ್ಧ ಹೇಗೆ ಅಂದರೆ, "ನನ್ನ ತಲೆ ಮೇಲೆ ಗೋಡೆ ಗಡಿಯಾರ ಇದೆ ಮೇಡಂ, ಅವನು ಟೈಮ್ ನೋಡಿದ್ನೋ ನನ್ನ ನೋಡಿದ್ನೋ ಗೊತ್ತಾಗ್ಲಿಲ್ಲ" ಎಂದರು. ನಕ್ಕವರ ಕಾಲಂ ಇರಲೇ ಇಲ್ಲ. ಯಾರೂ ನಗಲಿಲ್ಲವಂತೆ. ನಾಲ್ಕನೇ ದಿನವೂ ನಕ್ಕಿರಲಿಲ್ಲವಂತೆ.

ಹಾಗಾದರೆ ನಿಮಗೆ ಕೇಳಿಸಿದ ನಗು ಯಾರದು ಎಂದು ಕೇಳಿದೆ.

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ಆ ಹುಡುಗ ಒಂದು ದಿನ ಬೋರ್ಡಿನ ಮೇಲೆ ಮುಕ್ಕಾಲಿಗೆ ಕಾಲು ಕೂಡಿಸಿ ಎಂಟರಲ್ಲಿ ನಾಲ್ಕು ಎಂದು ಬರೆದಿದ್ದ. ಅಂದರೆ ಅರ್ಧ. "'ಇವನು ಅಂಗಡಿ ಇಟ್ರೆ ಕೊಂಡೋರಿಗೆ ಹಬ್ಬ ಕಣ್ರೋ, ಇವನಿಗೆ ಗೋವಿಂದ' ಅಂದೆ. ಇಡೀ ಕ್ಲಾಸು ನಕ್ತು. ಚಾಕ್‌ಪೀಸ್ ಕೈಯಲ್ಲಿ ಹಿಡ್ಕೊಂಡು ನಿಂತೇ ಇದ್ದ. ಅವನ ಜಾಗದಲ್ಲಿ ನಾನಿದ್ದು, ಬೆಂಚಿನ ಮೇಲೆ ಇನ್ಯಾರಾದ್ರೂ ಸಿಕ್ಕಿಹಾಕ್ಕೊಂಡಿದ್ರೆ... ನಾನು ನಗ್ತಿದ್ದೆ ಮೇಡಂ."

ಜಿಮ್ಮಿನಲ್ಲಿ ಅವರನ್ನು ಅಳೆಯುತ್ತಿದ್ದ ಕಣ್ಣು ಯಾವುದು ಎಂದು ಇಬ್ಬರಿಗೂ ಗೊತ್ತಾಯಿತು. ಅವನ ಕ್ಷಮೆ ಕೇಳಬೇಕಾ ಎಂದು ಕೇಳಿದರು. ಅದು ನಿಮ್ಮಿಬ್ಬರ ನಡುವಿನದು, ಯಾವಾಗಲಾದರೂ ಆಗಲಿ, ಜಿಮ್ಮಿನಲ್ಲಿ ಅವನಿಂದ ಕಲಿಯುವುದಕ್ಕೆ ಮುಂಗಡ ಕಟ್ಟುವ ಫೀಸು ಮಾತ್ರ ಅದನ್ನು ಮಾಡಬೇಡಿ ಎಂದೆ.

ಅವರಿಗೆ ಸಮಾಧಾನ ಕೊಟ್ಟ ಇನ್ನೊಂದು ವಿಷಯವಿದೆ. ರಾಬರ್ಟ್ ಜಯಾನ್ಸ್ ಎಂಬ ಮನೋವಿಜ್ಞಾನಿ 1965ರಲ್ಲೇ ಮುಂದಿಟ್ಟ ವಿಚಾರ: ನಾಲ್ಕು ಜನರೆದುರು ಪಳಗಿದ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ, ಹೊಸ ಕೆಲಸ ಇನ್ನೂ ಕೆಡುತ್ತದೆ. ಪಕ್ಕದವನ ಕಣ್ಣು ಹಳಬನಿಗೆ ಹುರುಪು, ಹೊಸಬನಿಗೆ ತಡವರಿಕೆ. ಬೋರ್ಡಿನ ಮುಂದೆ ಮೇಷ್ಟ್ರಿಗೆ ಸಲೀಸು, ಮಗುವಿಗೆ ನಡುಕ. ಸ್ವಭಾವದ ದೋಷ ಏನೂ ಅಲ್ಲ, ಕೆಲಸ ಹೊಸದು ಅಷ್ಟೇ.

ನಮ್ಮ ಚಿಕ್ಕಪ್ಪ ಗರಡಿಗೆ ಹೋಗುತ್ತಿದ್ದವರು. ಹೊಸಬ ಬಂದರೆ ಉಸ್ತಾದರು ಮೊದಲು ಗುದ್ದಲಿ ಕೊಟ್ಟು ಮಟ್ಟಿಯ ಮಣ್ಣು ಅಗೆಸುತ್ತಿದ್ದರಂತೆ. ಬಸ್ಕಿ, ದಂಡ ಎಲ್ಲ ಆಮೇಲೆ. ಮಣ್ಣು ಅಗೆದವನಿಗೆ ಅಲ್ಲೊಂದು ಜಾಗ ಸಿಗುತ್ತಿತ್ತು. ಈಗಿನ ಜಿಮ್ಮಿನಲ್ಲಿ ಫೋನಿನಲ್ಲೇ ದುಡ್ಡು ಕಟ್ಟಿ ಒಳಗೆ ಬಂದವನನ್ನು ಕನ್ನಡಿಗಳ ನಡುವೆ ನಿಲ್ಲಿಸಿ ಬಿಟ್ಟುಬಿಡುತ್ತಾರೆ. ಕೈಗೆ ಕೆಲಸವಿಲ್ಲದವನಿಗೆ ಕೈಯನ್ನು ಎಲ್ಲಿಡಬೇಕು ಅನ್ನುವುದೇ ಚಿಂತೆ.

ಹಾಗಾಗಿ ನನ್ನ ಸಲಹೆಯೆಲ್ಲ ಕೆಲಸದ ರೂಪದಲ್ಲೇ ಇತ್ತು. ಪಾಠದ ಟಿಪ್ಪಣಿಯಿಲ್ಲದೆ ಕ್ಲಾಸಿಗೆ ಹೋಗುತ್ತೀರಾ? ಇಲ್ಲ ತಾನೇ, ಅವತ್ತು ಮಾಡುವ ಮೂರೇ ವ್ಯಾಯಾಮವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೊದಲ ವಾರ ಖಾಲಿ ರಾಡು ಮಾತ್ರ. ತೆಗೆದ ಪ್ಲೇಟನ್ನು ತಿರುಗಿ ಅದರ ಜಾಗದಲ್ಲಿಡಿ, ಹಳಬರು ಮರ್ಯಾದೆ ಕೊಡುವುದು ತೋಳು ನೋಡಿ ಅಲ್ಲ, ಇದನ್ನು ನೋಡಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಲಾ ಅಂದರು. ಹೋಗಿ, ಎರಡು ವಾರ. ಮುಗಿಯುವ ತಾರೀಖನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಾರೀಖು ಇದ್ದರೆ ಅದು ಕಲಿಕೆ, ಇಲ್ಲದಿದ್ದರೆ ಅದೂ ಕೆರೆ ಬೆಂಚೇ.

ಬಚ್ಚಿಟ್ಟುಕೊಳ್ಳುವ ಉಪಾಯಗಳನ್ನು ಬಿಡಿಸುವುದು ಕಷ್ಟವಾಯಿತು. ಹಾಡೇ ಇಲ್ಲದ ಇಯರ್‌ಫೋನು ಕಿವಿಯಲ್ಲಿ, ಸೆಖೆಯಲ್ಲೂ ತುಂಬುತೋಳಿನ ದೊಗಳೆ ಅಂಗಿ, ಸೆಟ್ಟಿನ ನಡುವೆ ಬಾರದ ಮೆಸೇಜನ್ನು ಓದುವುದು. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಸಾಮಾಜಿಕ ಭಯದ ಬಗ್ಗೆ ಬರೆದಾಗ ಒತ್ತಿ ಹೇಳಿದ್ದು ಇದನ್ನೇ: ಈ ಉಪಾಯಗಳು ಭಯವನ್ನು ಕಾಪಾಡುತ್ತವೆ. ಏನೂ ಆಗಲಿಲ್ಲವೆಂದರೆ ಅಂಗಿ ಉಳಿಸಿತು ಅನಿಸುತ್ತದೆ, ಆಗುವುದಕ್ಕೆ ಏನೂ ಇರಲಿಲ್ಲ ಎಂದು ತಿಳಿಯುವುದೇ ಇಲ್ಲ. ವಾರಕ್ಕೊಂದರಂತೆ ಬಿಟ್ಟರು. ಇಯರ್‌ಫೋನು ಕೊನೆಗೆ ಹೋಯಿತು.

ಇನ್ನು ಆ ಹುಡುಗನ ಹತ್ತಿರ ಕೇಳಿ ಕಲಿಯುವುದು. ನನ್ನ ಕೋಣೆಯಲ್ಲೇ ತಾಲೀಮು ಮಾಡಿದೆವು, ನಾನು ಹುಡುಗ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಏನಪ್ಪಾ, ಇದನ್ನ ಹೀಗೇ ತಾನೇ ಮಾಡೋದು?" ಎಂದರು. "ಸರ್, ಇದು ನೀವು ಕ್ಲಾಸಲ್ಲಿ ಕೇಳೋ ಪ್ರಶ್ನೆ" ಎಂದೆ. ಮತ್ತೆ: "ನೀನು ಹೇಗೆ ಮಾಡ್ತೀಯಾ ನೋಡೋಣ?" ಇದೂ ಪರೀಕ್ಷೆಯೇ. "ನಂಗೆ ಬರಲ್ಲ" ಅನ್ನುವ ಎರಡು ಪದ ಬಾಯಿಂದ ಹೊರಡಲು ಆರನೇ ಸಲ ಬೇಕಾಯಿತು. ಹೇಳಿದ ಮೇಲೆ ನೀರು ಕುಡಿದರು.

ಒಂದು ಮಾತು ಸೇರಿಸಬೇಕು. ಈ ಮೇಷ್ಟ್ರು ಮದುವೆ ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಆರಾಮಾಗಿರುವವರು, ಸಂಕೋಚ ಇದ್ದದ್ದು ಒಂದೇ ಕಡೆ. ಜನರೆದುರು ಊಟ ಮಾಡುವುದು, ಫೋನಿನಲ್ಲಿ ಮಾತಾಡುವುದು, ನೆಂಟರ ಮನೆಗೆ ಹೋಗುವುದು ಎಲ್ಲದಕ್ಕೂ ಇದೇ ನಡುಕ ತಿಂಗಳುಗಟ್ಟಲೆ ಇದ್ದರೆ ಅದು ಚೀಟಿ, ತಾಲೀಮಿನಿಂದ ಹೋಗುವಂಥದ್ದಲ್ಲ, ಮನೋವೈದ್ಯರನ್ನು ಕಾಣಬೇಕು. ಎಲ್ಲಿಗೆ ಹೋಗುವುದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಎರಡು ತಿಂಗಳ ನಂತರ ಬಂದಾಗ ಮೇಷ್ಟ್ರು ಸಣ್ಣಗೇನೂ ಆಗಿರಲಿಲ್ಲ. ರಕ್ತ ಪರೀಕ್ಷೆ ಮುಂದಿನ ತಿಂಗಳು. ಕನ್ನಡಿಯ ಎದುರಿನ ಬೆಂಚು ಈಗಲೂ ಬೇಡವಂತೆ. ವಾರಕ್ಕೆರಡು ದಿನ ಹೋಗುತ್ತಾರೆ, ಒಂದು ವಾರ ಶಾಲೆಯ ಪರೀಕ್ಷೆ ನೆಪ ಹೇಳಿ ತಪ್ಪಿಸಿಕೊಂಡಿದ್ದನ್ನು ತಾವೇ ಒಪ್ಪಿಕೊಂಡರು. ಹುಡುಗ "ಬೆನ್ನು ನೆಟ್ಟಗೆ ಸಾರ್, ಉಸಿರು ಬಿಡಿ ಸಾರ್" ಎಂದು ಗದರುತ್ತಾನಂತೆ. ಬೋರ್ಡಿನ ವಿಷಯ ಇಬ್ಬರೂ ಎತ್ತಿಲ್ಲ.

"ಈಗ ಎಷ್ಟು ಎತ್ತುತ್ತೀರಿ ಸರ್?" ಎಂದು ಕೇಳಿದೆ.

"ಇಪ್ಪತ್ತೈದು" ಎಂದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತು ಸೇರಿಸಿದರು: "ರಾಡೂ ಸೇರಿ."