ಕ್ಷಮಿಸಿದ ಮೇಲೂ ನೆನಪು ಕಾಡುವುದೇಕೆ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ಬೀದರ್ ಕಡೆಯಿಂದ ಬಂದ ನನ್ನ ತಂದೆ ಮುಂಬಯಿಯ ಪರೇಲಿನ ಬಟ್ಟೆ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. 1982ರ ಮುಷ್ಕರದಲ್ಲಿ ಕೆಲಸ ಹೋದ ಮೇಲೆ ಕುಡಿತಕ್ಕೆ ಬಿದ್ದು, ನನ್ನನ್ನು ಹೊಡೆದು, ‘ನಿನ್ನ ಕೈಲಿ ಏನೂ ಆಗೋದಿಲ್ಲ’ ಎನ್ನುತ್ತಿದ್ದರು. ಕೊನೆಗಾಲದಲ್ಲಿ ಅವರು ಕ್ಷಮೆ ಕೇಳಿದರು; ನಾನೂ ಮನಸಾರೆ ಕ್ಷಮಿಸಿದೆ. ಆದರೂ ಬೆಳಗ್ಗೆ ಲೋಕಲ್ ಗಾಡಿ ಪರೇಲ್, ಕರಿ ರೋಡ್ ದಾಟುವಾಗ ಆ ಮಾತು ಕಿವಿಯಲ್ಲಿ ಕೇಳಿಸಿ ಎದೆ ಹೊಡೆದುಕೊಳ್ಳುತ್ತದೆ. ರಾತ್ರಿ ನಿದ್ದೆ ಹತ್ತುವುದಿಲ್ಲ. ‘ಹಿಂದಿನದನ್ನು ಮರೆತೆನೆಂದು ಪೌಲನೇ ಬರೆದಿದ್ದಾನೆ, ನೀವು ಮರೆತಿಲ್ಲವೆಂದರೆ ಕ್ಷಮಿಸಿಲ್ಲ’ ಎಂದು ಸಭೆಯ ಹಿರಿಯರೊಬ್ಬರು ಹೇಳಿದರು. ಈ ನೆನಪನ್ನು ಅಳಿಸಿಬಿಡೆಂದು ದೇವರನ್ನು ಬೇಡಿಕೊಳ್ಳಲೇ?
— ಹೆಸರು ಬೇಡ, ಡೊಂಬಿವಲಿ

ಉತ್ತರ: ಪ್ರಿಯ ಸಹೋದರರೇ, ನೀವು ಕ್ಷಮಿಸಿದ್ದೀರಿ. ಅದನ್ನು ಯಾರೂ ನಿಮ್ಮಿಂದ ಕಿತ್ತುಕೊಳ್ಳಲು ಬಿಡಬೇಡಿ. ಹಿರಿಯರು ಹೇಳಿದ ಮಾತು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿರುವುದು ನಿಜ. ಆದರೆ ಅದೇ ಅಧ್ಯಾಯದಲ್ಲಿ, ಆ ಮಾತಿಗೆ ಮುಂಚೆಯೇ, ತಾನು ಹುಟ್ಟಿದ ಕುಲ, ಬೆಳೆದ ಪಂಥ, ಸಭೆಯನ್ನು ಹಿಂಸಿಸಿದ ತನ್ನ ಕ್ರೌರ್ಯ ಇವೆಲ್ಲವನ್ನೂ ಪೌಲನು ಒಂದೊಂದಾಗಿ ಹೇಳಿಕೊಂಡಿದ್ದಾನೆ. ಅವನಿಗೆ ಯಾವುದೂ ಮರೆತಿರಲಿಲ್ಲ. ಆ ಹಿಂದಿನ ಕಾಲ ತನ್ನ ಮುಂದಿನ ಓಟವನ್ನು ತಡೆಯಲು ಅವನು ಬಿಡಲಿಲ್ಲ, ಅಷ್ಟೇ.

ಅಣ್ಣಂದಿರೇ ಮಾರಿಬಿಟ್ಟ ಯೋಸೇಫನ ಕಥೆಯನ್ನು ಮತ್ತೊಮ್ಮೆ ಓದಿ. ಚೊಚ್ಚಲ ಮಗನಿಗೆ ಮನಸ್ಸೆ ಎಂದು ಹೆಸರಿಡುವಾಗ, ದೇವರು ತನ್ನ ಕಷ್ಟವನ್ನೂ ತಂದೆಯ ಮನೆಯನ್ನೂ ಮರೆಯುವಂತೆ ಮಾಡಿದನೆಂದು ಅವನು ಹೇಳಿದನು. ಆದರೆ ಧಾನ್ಯಕ್ಕಾಗಿ ಬಂದ ಅಣ್ಣಂದಿರು ಎದುರಿಗೆ ನಿಂತಾಗ ಮರೆಯಾಗಿ ಹೋಗಿ ಅತ್ತನು. ಇನ್ನೊಮ್ಮೆ ಕೋಣೆಯೊಳಗೆ ಹೋಗಿ ಅತ್ತನು. ಕೊನೆಗೆ ಐಗುಪ್ತದವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಅತ್ತನು. ಮಾರಾಟವಾಗಿ 20ಕ್ಕೂ ಹೆಚ್ಚು ವರ್ಷ ಕಳೆದಿದ್ದರೂ ನೆನಪು ಜೀವಂತವಾಗಿತ್ತು. ಆದಿಕಾಂಡದ 50ನೆಯ ಅಧ್ಯಾಯದಲ್ಲಿಯೂ ಅವನು ‘ನೀವು ಮಾಡಿದ್ದು ಕೇಡಲ್ಲ’ ಎನ್ನುವುದಿಲ್ಲ. ಕೇಡನ್ನು ಕೇಡೆಂದೇ ಕರೆದು, ದೇವರು ಅದರಿಂದ ಒಳ್ಳೆಯದನ್ನು ತಂದನೆನ್ನುತ್ತಾನೆ. ಕಣ್ಣೀರು ಬಂದವನು ಕ್ಷಮಿಸಿರಲಿಲ್ಲವೆಂದು ಯಾರು ಹೇಳಿಯಾರು?

ಮರೆಯಲೇಬೇಕೆಂದು ಹಟ ಹಿಡಿದರೆ ನೆನಪು ಇನ್ನಷ್ಟು ಬಲವಾಗಿ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿ ಕರಡಿಯನ್ನು ನೆನೆಯಬಾರದೆಂದು ಹೇಳಿಸಿಕೊಂಡವರ ಮನಸ್ಸಿಗೆ ಅದೇ ಮತ್ತೆ ಮತ್ತೆ ಬಂದಿತು. ನೆನೆಯಬಹುದೆಂದು ಆಮೇಲೆ ಹೇಳಿದಾಗ, ಮೊದಲಿನಿಂದಲೇ ಅನುಮತಿ ಇದ್ದವರಿಗಿಂತ ಅವರೇ ಅದನ್ನು ಹೆಚ್ಚು ನೆನೆದರು. ಆದ್ದರಿಂದ ಅಳಿಸಿಬಿಡೆಂಬ ಪ್ರಾರ್ಥನೆಯ ಬದಲು, ನಡೆದುದನ್ನು ನಡೆದಂತೆಯೇ ದೇವರ ಮುಂದೆ ಹೇಳಿಕೊಳ್ಳಿರಿ ಎನ್ನುತ್ತೇನೆ. 77ನೆಯ ಕೀರ್ತನೆಯ ಆಸಾಫನಿಗೂ ನಿಮ್ಮಂತೆಯೇ ರಾತ್ರಿ ಕಣ್ಣು ಮುಚ್ಚಲಾಗಲಿಲ್ಲ. ಆ ಕೀರ್ತನೆಯ ಮೊದಲರ್ಧವೆಲ್ಲ ದೂರು. ದೇವರು ಕರುಣಿಸುವುದನ್ನೇ ಮರೆತನೋ ಎಂದು ಕೇಳುವಷ್ಟು ಧೈರ್ಯದ ದೂರು. ದೂರನ್ನು ಪೂರ್ತಿ ಹೇಳಿದ ಬಳಿಕವೇ ಅವನು ದೇವರ ಹಳೆಯ ಕಾರ್ಯಗಳನ್ನು ನೆನೆಯತೊಡಗುತ್ತಾನೆ. ನೋವಿನ ನೆನಪು ಅಲ್ಲಿಯೇ ಇದೆ, ಆದರೆ ಅದು ಈಗ ಒಂಟಿಯಾಗಿಲ್ಲ.

ಇನ್ನೊಂದು ಸಂಗತಿಯನ್ನು ನೀವು ಬೇರ್ಪಡಿಸಿ ನೋಡಬೇಕು. ತಂದೆ ಹೊಡೆದದ್ದು ನಡೆದ ಘಟನೆ. ‘ನಿನ್ನ ಕೈಲಿ ಏನೂ ಆಗೋದಿಲ್ಲ’ ಎಂಬುದು ತೀರ್ಪು. ಘಟನೆ ನಿಜವೆಂದ ಮಾತ್ರಕ್ಕೆ ತೀರ್ಪೂ ನಿಜವಾಗುವುದಿಲ್ಲ, ಆದರೆ ನೆನಪಿನಲ್ಲಿ ಎರಡೂ ಹೆಣೆದುಕೊಂಡು ಬರುವುದರಿಂದ ಮನಸ್ಸು ಎರಡನ್ನೂ ಒಟ್ಟಿಗೆ ನಂಬಿಬಿಡುತ್ತದೆ. ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದ ಅದೇ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ, ನಾವು ಮನಸ್ಸಿಗೆ ತಂದುಕೊಳ್ಳಬೇಕಾದವುಗಳನ್ನು ಹೇಳುವಾಗ ಎಲ್ಲಕ್ಕಿಂತ ಮೊದಲು ಸತ್ಯವಾದುದನ್ನು ಇಟ್ಟಿದ್ದಾನೆ, ಹಿತವಾದುದನ್ನಲ್ಲ. ಹಾಗಾದರೆ ಆ ತೀರ್ಪು ಸತ್ಯವೇ? ನೀವು ದುಡಿದಿರಿ, ಸಂಸಾರ ನಡೆಸಿದಿರಿ, ಹೊಡೆದವರನ್ನೇ ಕೊನೆಗಾಲದಲ್ಲಿ ಕ್ಷಮಿಸಿದಿರಿ. ಇವುಗಳನ್ನು ಕಾಗದದ ಮೇಲೆ ಬರೆದು ಆ ಮಾತಿನ ಎದುರಿಗಿಡಿ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಏರನ್ ಬೆಕ್ ರೂಪಿಸಿದ ಚಿಕಿತ್ಸಾ ಕ್ರಮದಲ್ಲಿಯೂ ಹೀಗೆಯೇ ಕಾಡುವ ಆಲೋಚನೆಯನ್ನು ಸಾಕ್ಷ್ಯದೊಡನೆ ಹೋಲಿಸಿ ಪರೀಕ್ಷಿಸುತ್ತಾರೆ.

ನಿಮ್ಮ ತಂದೆಯವರ ಬಗ್ಗೆಯೂ ಒಂದು ಮಾತು. 18 ಜನವರಿ 1982ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಆ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರಿದ್ದರು, ಅವರಲ್ಲಿ ಬಹಳ ಮಂದಿಗೆ ಮತ್ತೆ ಗಿರಣಿಯ ಕೆಲಸ ಸಿಗಲೇ ಇಲ್ಲ. ಇದು ಮಗುವಿನ ಮೇಲೆ ಕೈ ಎತ್ತಿದ್ದಕ್ಕೆ ಸಮರ್ಥನೆಯಲ್ಲ. ಆದರೆ ತನ್ನ ಕೈಲಿ ಏನೂ ಆಗಲಿಲ್ಲವೆಂಬ ಸಂಕಟವನ್ನು ಅವರು ನಿಮ್ಮ ಮೇಲೆ ಹೊರಿಸಿರಬಹುದು. ಆ ಮಾತು ಮೊದಲಿನಿಂದಲೂ ನಿಮ್ಮ ಕುರಿತದ್ದಾಗಿರಲಿಕ್ಕಿಲ್ಲ.

ನಿದ್ದೆ ಬಾರದಿರುವುದನ್ನೂ ಎದೆ ಹೊಡೆದುಕೊಳ್ಳುವುದನ್ನೂ ವೈದ್ಯರಿಗೆ ತಪ್ಪದೆ ತಿಳಿಸಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲಿರುಳೂ ಉಚಿತವಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ಇದು ಅಪನಂಬಿಕೆಯಲ್ಲ. ಮರಣವನ್ನು ಬೇಡಿಕೊಂಡ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಎಲೀಯನು ತಿಂದು, ಕುಡಿದು, ಮತ್ತೆ ಮಲಗಿದನು.

ಪ್ರಶ್ನೆ: ನನ್ನ ತಾಯಿಗೆ ಸಕ್ಕರೆ ಕಾಯಿಲೆ ಬಂದಿರುವುದು ಮನಸ್ಸಿನಲ್ಲಿ ಕಹಿ ಇಟ್ಟುಕೊಂಡದ್ದರಿಂದಲೇ ಎಂದು ಬಂಧುವೊಬ್ಬರು ಹೇಳುತ್ತಾರೆ. ಇದು ಸರಿಯೇ?
— ಓದುಗರು, ಪಿಂಪ್ರಿ

ಉತ್ತರ: ಸರಿಯಲ್ಲ. ಹರ್ಷಹೃದಯವು ಒಳ್ಳೆಯ ಔಷಧವೆಂದು ಜ್ಞಾನೋಕ್ತಿ ಹೇಳುತ್ತದೆ. ದೀರ್ಘಕಾಲದ ಚಿಂತೆಯಿಂದ ರಕ್ತದ ಸಕ್ಕರೆ ಏರಬಹುದೆಂದು ವೈದ್ಯರೂ ಹೇಳುತ್ತಾರೆ. ಆದರೆ ವಂಶ, ವಯಸ್ಸು, ತೂಕ ಮುಂತಾದ ಹಲವು ಕಾರಣಗಳಿರುವ ಕಾಯಿಲೆಯನ್ನು ಮನಸ್ಸಿನ ಪಾಪವೆಂದು ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ. ಯೋಬನ ಗೆಳೆಯರು ಮಾಡಿದ್ದು ಅದನ್ನೇ, ಮತ್ತು ದೇವರು ಅವರ ಮೇಲೆ ಕೋಪಗೊಂಡನು. ಹುಟ್ಟುಕುರುಡನ ವಿಷಯದಲ್ಲಿ ‘ಯಾರು ಪಾಪ ಮಾಡಿದರು?’ ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂದು ಯೇಸುಸ್ವಾಮಿ ಸ್ಪಷ್ಟವಾಗಿ ಹೇಳಿದನು. ಯೋಹಾನನ 9ನೆಯ ಅಧ್ಯಾಯವನ್ನು ಆ ಬಂಧುವಿನೊಡನೆ ಕುಳಿತು ಓದಿ, ತಾಯಿಯವರ ಮಾತ್ರೆ ಒಂದು ಹೊತ್ತೂ ತಪ್ಪದಂತೆ ನೋಡಿಕೊಳ್ಳಿ.