ತಲಪಾಡಿಯ ಪೆಟ್ರೋಲು, ಉಪ್ಪಳದ ಲೆಕ್ಕ

ಪ್ರಶ್ನೆ: ನಮ್ಮ ಮನೆ ಕೇರಳದ ಉಪ್ಪಳದಲ್ಲಿ. ಗಡಿಯಾಚೆ ಕರ್ನಾಟಕದಲ್ಲಿ ಪೆಟ್ರೋಲ್ ಲೀಟರಿಗೆ ಐದು ರೂಪಾಯಿಯಷ್ಟು ಕಡಿಮೆ ಎಂದು ವಾರಕ್ಕೊಮ್ಮೆ 14 ಕಿ.ಮೀ. ದೂರದ ತಲಪಾಡಿಗೆ ಸ್ಕೂಟರಿನಲ್ಲಿ ಹೋಗಿ ನಾಲ್ಕು ಲೀಟರ್ ಹಾಕಿಸಿಕೊಂಡು ಬರುತ್ತೇನೆ. ಹೆಂಡತಿಯ ಚಿಕಿತ್ಸೆಗೆ ತಿಂಗಳಿಗೆ ಎರಡು ಸಲ ಮಂಗಳೂರು ಬಳಿಯ ದೇರಳಕಟ್ಟೆಗೆ ಕಾರಿನಲ್ಲಿ ಹೋಗುವುದೂ ಉಂಟು. ಇದರಲ್ಲಿ ಉಳಿತಾಯ ಉಂಟೇ?

ಉತ್ತರ: ಸ್ಕೂಟರಿನ ಓಡಾಟದಲ್ಲಿ ಇಲ್ಲ. ನಾಲ್ಕು ಲೀಟರಿಗೆ ನಿಮಗೆ ಉಳಿಯುವುದು 20 ರೂಪಾಯಿ. ಹೋಗಿ ಬರಲು 28 ಕಿ.ಮೀ.; ಲೀಟರಿಗೆ 45 ಕಿ.ಮೀ. ಸಿಕ್ಕಿದರೂ 60 ರೂಪಾಯಿಗೂ ಹೆಚ್ಚಿನ ಪೆಟ್ರೋಲು ದಾರಿಯಲ್ಲೇ ಮುಗಿಯುತ್ತದೆ. ವಾರವಾರವೂ ಕೈಯಿಂದ 40 ರೂಪಾಯಿ ಹೋಗುತ್ತಿದೆ. ಕಾರಿಗೆ 30 ಲೀಟರ್ ತುಂಬಿಸಲೆಂದೇ ಅಲ್ಲಿಗೆ ಹೋದರೂ ನಷ್ಟವೇ: ಉಳಿಯುವುದು 150, ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ ಖರ್ಚು 190ರ ಆಸುಪಾಸು.

ಪೆಟ್ರೋಲು ಜಿಎಸ್‌ಟಿಯ ಹೊರಗಿರುವುದರಿಂದ ಒಂದೊಂದು ರಾಜ್ಯಕ್ಕೆ ಒಂದೊಂದು ತೆರಿಗೆ. ಕೇರಳದಲ್ಲಿ 2023ರ ಏಪ್ರಿಲಿನಿಂದ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ಸೂ ಸೇರಿತು. ಆದರೆ 2024ರ ಜೂನಿನಲ್ಲಿ ಕರ್ನಾಟಕವೂ ಸುಮಾರು 3 ರೂಪಾಯಿ ಏರಿಸಿತು. ಹಳೆಯ ಅಂತರವನ್ನು ನಂಬಿ ಹೊರಡಬೇಡಿ.

ಈ ಆಸೆಗೆ ನಾನೂ ಬಿದ್ದವನು. ಮಂಜೇಶ್ವರದಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದೆ. 2021ರ ನವೆಂಬರಿನಲ್ಲಿ ಕೇಂದ್ರ ತೆರಿಗೆ ಇಳಿಸಿದ್ದರ ಮೇಲೆ ಕರ್ನಾಟಕ ಇನ್ನೂ 7 ರೂಪಾಯಿ ಇಳಿಸಿತು, ಕೇರಳ ಇಳಿಸಲಿಲ್ಲ. ಅಂದಿನಿಂದ ಊರಿನ ಪಂಪಿಗೆ ಹೋಗುವುದನ್ನೇ ಬಿಟ್ಟೆ. ಒಂದು ರಾತ್ರಿ ಮಂಗಳೂರಿಗೆ ರೋಗಿಯನ್ನು ಕರೆದೊಯ್ಯುವಾಗ, ತಲಪಾಡಿವರೆಗೆ ಮುಟ್ಟೀತು ಎಂದುಕೊಂಡಿದ್ದ ಡೀಸೆಲ್ ಹೊಸಂಗಡಿ ದಾಟುತ್ತಲೇ ಮುಗಿಯಿತು. ಡೀಸೆಲ್ ಗಾಡಿ ಹಾಗೆ ನಿಂತರೆ ಪೈಪಿಗೆ ಗಾಳಿ ಹೊಕ್ಕುತ್ತದೆ. ಕ್ಯಾನಿನಲ್ಲಿ ತಂದು ಸುರಿದರೂ ಏರ್ ತೆಗೆಯದೆ ಸ್ಟಾರ್ಟ್ ಆಗುವುದಿಲ್ಲ. ರೋಗಿಯನ್ನು ಬೇರೆ ಗಾಡಿಗೆ ಹತ್ತಿಸಿದೆ. ಹಿಂದಿನ ಸೀಟಿನಲ್ಲಿ ಅವರ ಮಗಳು ಅಳುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಟ್ಯಾಂಕಿನ ಮುಳ್ಳು ಕೆಂಪು ಗೆರೆಗೆ ಇಳಿಯಲು ಆಮೇಲೆಂದೂ ನಾನು ಬಿಟ್ಟವನಲ್ಲ.

ನಿಮಗೆ ದೇರಳಕಟ್ಟೆಯ ದಾರಿ ಉಂಟಲ್ಲ, ಅದೇ ಸಾಕು. ಮರಳುವಾಗ ಗಡಿ ದಾಟುವ ಮೊದಲೇ ಹೆದ್ದಾರಿ ಬದಿಯ ಪಂಪಿನಲ್ಲಿ ಕಾರಿಗೆ ತುಂಬಿಸಿ. ಆ ಐದು ರೂಪಾಯಿ ಪೂರ್ತಿ ನಿಮ್ಮದೇ. ಸ್ಕೂಟರಿಗೆ ಉಪ್ಪಳದಲ್ಲೇ ಹಾಕಿಸಿ. ಅಳತೆಯ ಬಗ್ಗೆ ಸಂಶಯ ಬಂದರೆ ಐದು ಲೀಟರಿನ ಮುದ್ರೆಯ ಅಳತೆಪಾತ್ರೆಯಲ್ಲಿ ಹಿಡಿದು ತೋರಿಸಲು ಕೇಳಿ, ಪ್ರತಿ ಪಂಪಿನಲ್ಲೂ ಅದು ಇರಲೇಬೇಕು. ಟಯರಿಗೆ ಗಾಳಿಯನ್ನೂ ಅಲ್ಲೇ ನೋಡಿಸಿಕೊಳ್ಳಿ. ಕಾರಿನಲ್ಲಿ ಹೆಂಡತಿ ಜೊತೆಗಿರುವಾಗ ಮಾತ್ರ ಗಡಿಯಾಚೆಯ ಪಂಪಿಗೆಂದು ಟ್ಯಾಂಕ್ ಖಾಲಿ ಬಿಟ್ಟು ಹೊರಡಬೇಡಿ. ಮನೆ ಬಿಡುವಾಗಲೇ ಹತ್ತು ಲೀಟರಾದರೂ ಇರಲಿ.